ಹಸುಳೆಯ ಗಡ್ಡೆ: ಕಾದು ನೋಡುವುದೂ ಚಿಕಿತ್ಸೆಯೇ

ಕೇಳುಗರೆಲ್ಲರಿಗೂ ನಮಸ್ಕಾರ. ಮಲೆನಾಡಿನ ಮನೆಗಳಲ್ಲಿ ಕೂಸಿಗೆ ಎಣ್ಣೆ ಹಚ್ಚಿ, ಕಾಲ ಮೇಲೆ ಮಲಗಿಸಿಕೊಂಡು ನೀರೆರೆಯುವ ಅಜ್ಜಿಯ ಕೈಗೆ ಒಮ್ಮೊಮ್ಮೆ ಪಕ್ಕೆಲುಬಿನ ಕೆಳಗೆ ಗಟ್ಟಿಯಾದ ಗಡ್ಡೆ ತಾಗುವುದುಂಟು. ಅದನ್ನು ದೃಷ್ಟಿಯೆಂದೋ ಹುಳುಬಾಧೆಯೆಂದೋ ತಳ್ಳಿಹಾಕಬಾರದು. ಪದೇ ಪದೇ ಒತ್ತಿ ನೋಡಲೂ ಬಾರದು. ಅದು ನ್ಯೂರೋಬ್ಲಾಸ್ಟೋಮಾ ಆಗಿರಬಹುದು.

ಗರ್ಭದಲ್ಲಿ ನರಗಳಾಗಿ ಮಾರ್ಪಡಬೇಕಾದ ಎಳೆಯ ಜೀವಕೋಶಗಳು ಪಕ್ವವಾಗದೆ ಹಾಗೆಯೇ ವೃದ್ಧಿಸುವುದರಿಂದ ಈ ಗಡ್ಡೆ ಹುಟ್ಟುತ್ತದೆ. ಹೆಚ್ಚಾಗಿ ಮೂತ್ರಪಿಂಡದ ಮೇಲಿನ ಅಡ್ರಿನಲ್ ಗ್ರಂಥಿಯಲ್ಲಿ, ಕೆಲವೊಮ್ಮೆ ಎದೆ ಅಥವಾ ಕುತ್ತಿಗೆಯಲ್ಲಿ ಬೆನ್ನೆಲುಬಿನ ಪಕ್ಕದಲ್ಲಿ ಕಾಣಿಸಿಕೊಳ್ಳುತ್ತದೆ. ವರ್ಷ ತುಂಬದ ಮಕ್ಕಳಲ್ಲಿ ಅತಿ ಹೆಚ್ಚಾಗಿ ಕಂಡುಬರುವ ಕ್ಯಾನ್ಸರ್ ಇದೇ.

ಈ ರೋಗದ ವಿಚಿತ್ರವೆಂದರೆ, ಹಸುಳೆಗಳಲ್ಲಿ ಅದು ಯಕೃತ್ತು, ಚರ್ಮ ಮತ್ತು ಸ್ವಲ್ಪಮಟ್ಟಿಗೆ ಅಸ್ಥಿಮಜ್ಜೆಗೆ ಮಾತ್ರ ಹರಡಿದ್ದಾಗ, ಚರ್ಮದಡಿ ನೀಲಿ ಗಂಟುಗಳೆದ್ದು ಹೊಟ್ಟೆ ಉಬ್ಬಿದ್ದರೂ, ಎಷ್ಟೋ ಬಾರಿ ಔಷಧವಿಲ್ಲದೆಯೇ ಕರಗಿಹೋಗುತ್ತದೆ. ಜಪಾನಿನಲ್ಲಿ 1980ರ ದಶಕದಿಂದ ಆರು ತಿಂಗಳ ಕೂಸುಗಳ ಮೂತ್ರ ಪರೀಕ್ಷಿಸಿ ಈ ರೋಗವನ್ನು ಹುಡುಕುತ್ತಿದ್ದರು. ತಾವಾಗಿಯೇ ಕರಗಬಹುದಾಗಿದ್ದ ಗಡ್ಡೆಗಳೇ ಹೆಚ್ಚಾಗಿ ಸಿಕ್ಕು, ಅನೇಕ ಮಕ್ಕಳು ಅನಗತ್ಯ ಚಿಕಿತ್ಸೆಗೆ ಒಳಗಾದದ್ದು ಮನಗಂಡು 2004ರಲ್ಲಿ ಅದನ್ನು ನಿಲ್ಲಿಸಿದರು. ಆದ್ದರಿಂದ, ಕೆಲವೇ ತಿಂಗಳ ಕೂಸಿನ ಅಡ್ರಿನಲ್‌ನಲ್ಲಿರುವ ಸಣ್ಣ ಗಡ್ಡೆಯನ್ನು ಕಂಡ ವೈದ್ಯರು "ಈಗ ಕತ್ತರಿ ಬೇಡ, ಸ್ಕ್ಯಾನ್ ಮಾಡುತ್ತ ನೋಡೋಣ" ಎಂದರೆ ಅದು ಕೈಚೆಲ್ಲಿದ ಮಾತಲ್ಲ.

ಹಾಗೆಂದು ಎಲ್ಲ ಗಡ್ಡೆಗಳೂ ಸಾಧುವಲ್ಲ. ಮೂತ್ರಪರೀಕ್ಷೆಯಿಂದ ರೋಗದ ಸುಳಿವು ಸಿಗುತ್ತದೆ; ಈ ಗಡ್ಡೆಯ ಕೋಶಗಳು ಹೀರಿಕೊಳ್ಳುವ ವಿಕಿರಣಶೀಲ ವಸ್ತುವನ್ನು ಕೊಟ್ಟು ಮಾಡುವ ಎಂಐಬಿಜಿ ಸ್ಕ್ಯಾನ್ ಹಾಗೂ ಅಸ್ಥಿಮಜ್ಜೆಯ ಪರೀಕ್ಷೆಯಿಂದ ಅದರ ಹರವು ತಿಳಿಯುತ್ತದೆ. ಗಡ್ಡೆಯ ಚೂರಿನಲ್ಲಿ ಎಂವೈಸಿಎನ್ ಎಂಬ ಜೀನಿನ ಪ್ರತಿಗಳು ವಿಪರೀತವಾಗಿದ್ದರೆ, ಹಸುಳೆಯಲ್ಲೂ ರೋಗ ಉಗ್ರವಾಗುತ್ತದೆ. ಅಂಥ ಮಕ್ಕಳಿಗೆ ಕೀಮೋಥೆರಪಿ, ಶಸ್ತ್ರಚಿಕಿತ್ಸೆ, ಆಕರಕೋಶ ಮರುಪೂರಣ (ರಕ್ತ ಹುಟ್ಟಿಸುವ ಸ್ಟೆಮ್ ಸೆಲ್‌ಗಳನ್ನು ಮರಳಿ ದೇಹಕ್ಕೆ ಕೊಡುವುದು), ವಿಕಿರಣ, ಪ್ರತಿಕಾಯ (ಆಂಟಿಬಾಡಿ) ಚಿಕಿತ್ಸೆ ಎಂದು ದೀರ್ಘ ಹಾದಿಯಿದೆ. ಅದಕ್ಕೆ ಶಿವಮೊಗ್ಗದಿಂದ ಬೆಂಗಳೂರಿನ ಕಿದ್ವಾಯಿಯಂಥ ದೊಡ್ಡ ಆಸ್ಪತ್ರೆಗೆ ಹೋಗಿಬರುವುದು ಅನಿವಾರ್ಯವಾಗಬಹುದು. ಮಧ್ಯಮ ಅಪಾಯದ ರೋಗಕ್ಕೆ ಕೆಲವು ಸುತ್ತಿನ ಕೀಮೋ ಸಾಕಾಗುವುದುಂಟು.

ಕಾದು ನೋಡುತ್ತಿರುವ ಮನೆಯವರು, ಹೊಸನಗರದಲ್ಲಾಗಲಿ ತೀರ್ಥಹಳ್ಳಿಯಲ್ಲಾಗಲಿ, ಮಳೆಗಾಲವೆಂದು ಸ್ಕ್ಯಾನಿನ ದಿನ ತಪ್ಪಿಸಬಾರದು. ಎರಡು ತಿಂಗಳೊಳಗಿನ ಕೂಸಿನ ಯಕೃತ್ತು ಬೇಗ ಊದಿಕೊಂಡು ಉಸಿರಾಟಕ್ಕೇ ಅಡ್ಡಿಯಾಗಬಲ್ಲದು; ಆಗ ಸೌಮ್ಯ ಕೀಮೋವನ್ನು ತಡಮಾಡದೆ ಆರಂಭಿಸುತ್ತಾರೆ. ಪೆಟ್ಟು ಬೀಳದೆಯೇ ಕಣ್ಣಿನ ಸುತ್ತ ಕಪ್ಪಾದರೂ ಬೇಗ ತೋರಿಸಬೇಕು. ಕಾಲಾಡಿಸುತ್ತಿದ್ದ ಮಗು ಕಾಲಾಡಿಸುವುದನ್ನು ನಿಲ್ಲಿಸಿದರಂತೂ ಅದೇ ದಿನ ಆಸ್ಪತ್ರೆ ಸೇರಿಸಬೇಕು. ಗಡ್ಡೆ ಬೆನ್ನುಹುರಿಯನ್ನು ಒತ್ತುತ್ತಿದ್ದರೆ, ತಡವಾದಷ್ಟೂ ಕಾಲಿನ ಶಕ್ತಿ ಮರಳುವ ಸಾಧ್ಯತೆ ಕಡಿಮೆಯಾಗುತ್ತದೆ.