ಮೂರು ಡೋಸ್ ಆಯ್ತು, ಟೈಟರ್ ನೋಡಿಸಿದಿರಾ?

ನಮಸ್ಕಾರ ಕೇಳುಗರೇ. ಇವತ್ತಿನ ಮಾತು ಮುಖ್ಯವಾಗಿ ಆಸ್ಪತ್ರೆ, ಲ್ಯಾಬು, ಬ್ಲಡ್ ಬ್ಯಾಂಕುಗಳಲ್ಲಿ ದುಡಿಯುವವರಿಗೆ. ಹೆಪಟೈಟಿಸ್ ಬಿ ಲಸಿಕೆ ಮೂರೂ ಡೋಸ್ ಮುಗಿಸಿ, ಕಾರ್ಡನ್ನು ಬೀರುವಿನಲ್ಲಿಟ್ಟು ಮರೆತುಬಿಡುತ್ತೀರಿ, ಅಲ್ವಾ? ಆದರೆ ಆರೋಗ್ಯವಾಗಿರುವ ದೊಡ್ಡವರಲ್ಲೂ ನೂರಕ್ಕೆ 5ರಿಂದ 10 ಜನರಿಗೆ ಈ ಲಸಿಕೆ ಕೆಲಸ ಮಾಡುವುದಿಲ್ಲ.

ಅದು ಹೊರಗೆ ಕಾಣುವಂಥದ್ದಲ್ಲ. ಕೊನೆಯ ಡೋಸ್ ಆಗಿ ಒಂದೆರಡು ತಿಂಗಳಿಗೆ ರಕ್ತ ಕೊಟ್ಟು ಆಂಟಿ-ಎಚ್‌ಬಿಎಸ್ ಟೈಟರ್, ಅಂದರೆ ಈ ವೈರಸ್ಸಿನ ವಿರುದ್ಧದ ಪ್ರತಿಕಾಯ ರಕ್ತದಲ್ಲಿ ಎಷ್ಟಿದೆ ಅಂತ ನೋಡಿಸಬೇಕು. ರಿಪೋರ್ಟಿನಲ್ಲಿ 10 ಯೂನಿಟ್ (mIU/mL) ಅಥವಾ ಅದಕ್ಕಿಂತ ಜಾಸ್ತಿ ಬಂದರೆ ರಕ್ಷಣೆ ಇದೆ. ಎಷ್ಟೋ ವರ್ಷ ಬಿಟ್ಟು ನೋಡಿಸಿ, ಕಡಿಮೆ ಬಂತು ಅಂತ ಗಾಬರಿಯಾಗುವವರಿದ್ದಾರೆ, ಅದು ಬೇರೆ ವಿಷಯ. ಆರೋಗ್ಯವಂತರಿಗೆ ಒಮ್ಮೆ ಸರಿಯಾಗಿ ಟೈಟರ್ ಬಂದಿದ್ದರೆ, ಆಮೇಲೆ ಅದು ಇಳಿದರೂ ದೇಹಕ್ಕೆ ವೈರಸ್ಸಿನ ಗುರುತು ಇದ್ದೇ ಇರುತ್ತದೆ.

ಹಾಗಾದರೆ ಕೆಲವರಿಗೆ ಯಾಕೆ ಬರುವುದೇ ಇಲ್ಲ? ವಯಸ್ಸು 40 ದಾಟಿರುವುದು, ಬೊಜ್ಜು, ಸಿಗರೇಟು, ಸಕ್ಕರೆ ಕಾಯಿಲೆ, ಎಚ್‌ಐವಿ ಎಲ್ಲವೂ ಕಾರಣವೇ. ಗಂಡಸರಲ್ಲಿ ಸ್ವಲ್ಪ ಹೆಚ್ಚು. ಕಿಡ್ನಿ ಕೆಟ್ಟು ಡಯಾಲಿಸಿಸ್ ಮಾಡಿಸುವವರಿಗಂತೂ ಡೋಸನ್ನೇ ದುಪ್ಪಟ್ಟು ಕೊಡುತ್ತಾರೆ. ಇದ್ಯಾವುದೂ ಇಲ್ಲದ ಗಟ್ಟಿಮುಟ್ಟಾದ ನರ್ಸಿಗೂ ಟೈಟರ್ ಬಾರದೇ ಇರಬಹುದು. ಲಸಿಕೆಯಲ್ಲಿರುವ ಪ್ರೋಟೀನಿನ ಚೂರನ್ನು ನಮ್ಮ ಜೀವಕೋಶಗಳು ಹಿಡಿದು ರೋಗನಿರೋಧಕ ಟಿ-ಕೋಶಗಳಿಗೆ ತೋರಿಸಬೇಕು, ಹಾಗೆ ತೋರಿಸುವ ಎಚ್‌ಎಲ್‌ಎ ಎಂಬ ಅಣುಗಳು ಒಬ್ಬೊಬ್ಬರಲ್ಲಿ ಒಂದೊಂದು ಬಗೆ, ಕೆಲವು ಬಗೆಯವು ಈ ಚೂರನ್ನು ಸರಿಯಾಗಿ ಹಿಡಿಯುವುದಿಲ್ಲ. ಹುಟ್ಟಿನಿಂದ ಬಂದದ್ದು, ಅವರ ತಪ್ಪೇನೂ ಇಲ್ಲ.

ನಮ್ಮ ಕೈಯಲ್ಲಿರುವ ಕಾರಣಗಳೂ ಇವೆ, ನನಗೆ ಬೇಸರ ಅವುಗಳ ಬಗ್ಗೆಯೇ. ಈ ಲಸಿಕೆಯನ್ನು ದೊಡ್ಡವರಿಗೆ ತೋಳಿಗೇ ಕೊಡಬೇಕು. ಸೊಂಟಕ್ಕೆ ಚುಚ್ಚಿದರೆ ಮದ್ದು ಕೊಬ್ಬಿನಲ್ಲೇ ಉಳಿದು ಫಲ ಕಡಿಮೆ, 1980ರ ದಶಕದಲ್ಲೇ ಗೊತ್ತಾಗಿದ್ದು ಇದು. ಇನ್ನು ಫ್ರಿಜ್ಜಿನಲ್ಲಿ ಹೆಪ್ಪುಗಟ್ಟಿದ ಬಾಟಲಿ. ಕರಗಿಸಿದರೂ ಅದು ಕೆಲಸಕ್ಕೆ ಬಾರದು, ಬಿಸಾಡಬೇಕು.

ಟೈಟರ್ ಬಾರದಿದ್ದರೆ ಇನ್ನೊಂದು ಸುತ್ತು ಹಾಕಿಸಿ, ಸುಮಾರು ಜನರಿಗೆ ಆಗ ಬರುತ್ತದೆ. ಆಗಲೂ ಬಾರದಿದ್ದರೆ ಎಚ್‌ಬಿಎಸ್‌ಎಜಿ ಪರೀಕ್ಷೆ (ದೇಹದಲ್ಲಿ ಈಗಾಗಲೇ ಸೋಂಕಿದೆಯಾ ಅಂತ ನೋಡುವ ರಕ್ತ ಪರೀಕ್ಷೆ) ಮಾಡಿಸಲೇಬೇಕು, ಯಾಕೆಂದರೆ ಗೊತ್ತಿಲ್ಲದೆಯೇ ಮೊದಲಿನಿಂದ ಸೋಂಕಿರುವವರಿಗೂ ಟೈಟರ್ ಬರುವುದಿಲ್ಲ. ಸೋಂಕೂ ಇಲ್ಲವೆಂದಾದರೆ, ಸೋಂಕಿರುವ ರೋಗಿಯ ಸೂಜಿ ಚುಚ್ಚಿದ ದಿನ 'ನನ್ನದು ಲಸಿಕೆ ಆಗಿದೆ' ಅಂತ ಸುಮ್ನೆ ಕೂರಬೇಡಿ. ಸಾಧ್ಯವಾದರೆ 24 ಗಂಟೆಯೊಳಗೆ ಹೆಪಟೈಟಿಸ್ ಬಿ ಇಮ್ಯುನೋಗ್ಲಾಬ್ಯುಲಿನ್, ಅಂದರೆ ಸಿದ್ಧ ಪ್ರತಿಕಾಯಗಳ ಇಂಜೆಕ್ಷನ್ ತೆಗೆದುಕೊಳ್ಳಿ, ತಿಂಗಳು ಬಿಟ್ಟು ಇನ್ನೊಂದು.