ಹತ್ತು ಜನರಲ್ಲಿ ಒಬ್ಬ ಫೇಲ್ ಆಗಲೇಬೇಕು! ಮೈಕ್ರೋಸಾಫ್ಟ್‌ನ ಬೆಲ್ ಕರ್ವ್ ಕಥೆ

ನಮಸ್ಕಾರ. ಅಪ್ರೈಸಲ್ ಸೀಸನ್ ಬಂತು ಅಂದ್ರೆ ನಮ್ಮ ಕಾಮೆಂಟ್ ಬಾಕ್ಸ್ ತುಂಬ ಒಂದೇ ಗೋಳು: "ವರ್ಷವಿಡೀ ದುಡಿದೆ, ಮ್ಯಾನೇಜರೂ ಹೊಗಳಿದ್ರು, ಆದ್ರೂ ರೇಟಿಂಗ್ ಮಾತ್ರ ಪಾತಾಳಕ್ಕೆ. ಯಾಕೆ ಸಾರ್?"

ಬೆಲ್ ಕರ್ವ್ ಸ್ವಾಮಿ, ಬೆಲ್ ಕರ್ವ್. ಯಾವ ರೇಟಿಂಗ್ ಎಷ್ಟು ಜನಕ್ಕೆ ಅಂತ ಮೊದಲೇ ಫಿಕ್ಸ್: ಮೇಲೆ ಸ್ವಲ್ಪ ಜನ, ನಡುವೆ ತುಂಬಾ ಜನ, ಕೆಳಗೆ ಸ್ವಲ್ಪ ಜನ. ಜನರಲ್ ಎಲೆಕ್ಟ್ರಿಕ್‌ನ ಜ್ಯಾಕ್ ವೆಲ್ಚ್ 20-70-10 (ಮೇಲೆ ಶೇಕಡ 20, ನಡುವೆ 70, ಕೆಳಗೆ 10) ಅಂತ ಫೇಮಸ್ ಮಾಡಿದ ಲೆಕ್ಕ ಇದು. ಬೇಸಿಕ್ಸ್ ಇಷ್ಟೇ, ಮುಂದೆ ಹೋಗೋಣ.

ಮೈಕ್ರೋಸಾಫ್ಟ್‌ನಲ್ಲಿ ಇದಕ್ಕೆ ಸ್ಟ್ಯಾಕ್ ರ‍್ಯಾಂಕಿಂಗ್ ಅಂತಿದ್ರು. 2012ರಲ್ಲಿ ಪತ್ರಕರ್ತ ಕರ್ಟ್ ಐಕೆನ್‌ವಾಲ್ಡ್ ಅಮೆರಿಕದ 'ವ್ಯಾನಿಟಿ ಫೇರ್' ಪತ್ರಿಕೆಗೆ ಬರೆದ ವರದಿಯಲ್ಲಿ ಮಾಜಿ ಉದ್ಯೋಗಿಯೊಬ್ಬರು ಲೆಕ್ಕ ಬಿಡಿಸಿ ಹೇಳ್ತಾರೆ: ಟೀಮಲ್ಲಿ ಹತ್ತು ಜನ ಇದ್ರೆ ಇಬ್ಬರಿಗೆ ಭರ್ಜರಿ, ಏಳು ಜನಕ್ಕೆ ಸಾಧಾರಣ, ಒಬ್ಬರಿಗೆ ಕಳಪೆ. ಹತ್ತೂ ಜನ ಚಿನ್ನದಂಥವರಾದ್ರೂ ಅಷ್ಟೇ.

[ತೆರೆಯ ಮೇಲೆ: ಹತ್ತು ಬಾಳೆಲೆ]

ಪಂಕ್ತಿ ಊಟ ಅಂದ್ಕೊಳ್ಳಿ. ಕೂತವರು ಹತ್ತು. ಹೋಳಿಗೆ ಬಡಿಸೋದು ಇಬ್ಬರಿಗೆ. ಏಳು ಜನಕ್ಕೆ ಅನ್ನ-ಸಾರು. ಒಬ್ಬನನ್ನ ಮಾತ್ರ ಎಲೆ ಮುಂದಿಂದ ಎಬ್ಬಿಸಲೇಬೇಕು. ಯಾರನ್ನ ಅಂತ ಊಟದ ಕೊನೆಗೆ ಗೊತ್ತಾಗುತ್ತೆ. ಈಗ ನೀವು ಪಕ್ಕದವನಿಗೆ ಉಪ್ಪು ದಾಟಿಸ್ತೀರಾ? ಇಲ್ಲ. ಅವನು ಸಾರು ಚೆಲ್ಲಿಕೊಂಡ್ರೆ ಒಳಗೊಳಗೇ ಖುಷಿ! ಇನ್ನೂ ಮಜಾ ಕೇಳಿ: ಊರಿನ ಘಟಾನುಘಟಿಗಳು ಕೂತ ಸಾಲಲ್ಲಿ ನೀವು ಕೂರೋದೇ ಇಲ್ಲ, ಅಲ್ಲಿ ಎಬ್ಬಿಸೋದು ನಿಮ್ಮನ್ನೇ ಇರಬಹುದಲ್ಲ. ಮೈಕ್ರೋಸಾಫ್ಟ್‌ನಲ್ಲಿ ಆಗಿದ್ದೂ ಅದೇ. ಒಳ್ಳೇ ಇಂಜಿನಿಯರ್‌ಗಳು ಒಳ್ಳೇ ಇಂಜಿನಿಯರ್‌ಗಳ ಜೊತೆ ಕೆಲಸ ಮಾಡೋಕೇ ಹಿಂದೇಟು ಹಾಕ್ತಿದ್ರು. ಬುದ್ಧಿವಂತರನ್ನ ಹುಡುಕಿ ಹುಡುಕಿ ತಂದು, ಒಬ್ಬರಿಗೊಬ್ಬರು ಮುಖ ತಿರುಗಿಸೋ ಹಾಗೆ ಮಾಡೋಕೆ ಎಷ್ಟು ಖರ್ಚು ನೋಡಿ!

2011ರಲ್ಲಿ ಮನು ಕಾರ್ನೆ ಅನ್ನೋ ಇಂಜಿನಿಯರ್ ಬರೆದ ಕಾರ್ಟೂನ್ ನೋಡಿದೀರಾ? ಟೆಕ್ ಕಂಪನಿಗಳಲ್ಲಿ ಯಾರ ಕೆಳಗೆ ಯಾರು ಅಂತ ತೋರಿಸೋ ಆರ್ಗ್ ಚಾರ್ಟ್‌ಗಳು. ಮೈಕ್ರೋಸಾಫ್ಟ್‌ದರಲ್ಲಿ ಒಂದು ವಿಭಾಗ ಇನ್ನೊಂದಕ್ಕೆ ಪಿಸ್ತೂಲ್ ಹಿಡಿದು ನಿಂತಿದೆ.

ಟೈಮ್ ಆಯ್ತು, ಉಳಿದಿದ್ದು ಬೇಗ ಬೇಗ. 2013ರ ನವೆಂಬರ್‌ನಲ್ಲಿ ಎಚ್‌ಆರ್ ಮುಖ್ಯಸ್ಥೆ ಲೀಸಾ ಬ್ರಮ್ಮೆಲ್ ಮೈಕ್ರೋಸಾಫ್ಟ್ ಉದ್ಯೋಗಿಗಳಿಗೆ ಬರೆದ ಪತ್ರದಲ್ಲಿ "ಇನ್ನು ಕರ್ವ್ ಇಲ್ಲ, ರೇಟಿಂಗೂ ಇಲ್ಲ" ಅಂದ್ರು. ಅದೇ ಹೊತ್ತಿಗೆ ಯಾಹೂನಲ್ಲಿ ಆಗಿನ ಸಿಇಒ ಮರಿಸ್ಸಾ ಮೇಯರ್ ಇಂಥದ್ದನ್ನೇ ತಂದು ಉದ್ಯೋಗಿಗಳಿಂದ ಬೈಸ್ಕೊಳ್ತಿದ್ರು. ಪಕ್ಕದ ಮನೆಯವರು ಬಿಸಾಕಿದ ಸೋಫಾ ಎತ್ಕೊಂಡು ಬಂದಂಗೆ! 2014ರ ಫೆಬ್ರವರಿಯಲ್ಲಿ ಮೈಕ್ರೋಸಾಫ್ಟ್ ಸಿಇಒ ಆದವರು ಮಣಿಪಾಲದಲ್ಲಿ ಓದಿದ ಸತ್ಯ ನಾದೆಲ್ಲ. ಕರ್ವ್ ತೆಗೆದ ಹೆಸರು ಅವರಿಗೇ ಹೋಗುತ್ತೆ, ಆದ್ರೆ ಅದು ಅವರು ಬರೋ ಮುಂಚೆಯೇ ಹೋಗಿತ್ತು.

ಒಂದು ವಿಷಯ ಮಾತ್ರ ಯಾರೂ ಜೋರಾಗಿ ಹೇಳಲ್ಲ. ಬ್ರಮ್ಮೆಲ್ ಪತ್ರದಲ್ಲೇ ಒಂದು ಷರತ್ತಿತ್ತು: ಮ್ಯಾನೇಜರ್ ಯಾರಿಗೆ ಎಷ್ಟಾದ್ರೂ ದುಡ್ಡು ಕೊಡಲಿ, ಆದ್ರೆ ತನ್ನ ಬಜೆಟ್ ಒಳಗೇ ಕೊಡಬೇಕು. ಅಂದ್ರೆ ಒಬ್ಬರಿಗೆ ಜಾಸ್ತಿ ಕೊಟ್ರೆ ಇನ್ನೊಬ್ಬರಿಗೆ ಕಡಿಮೆಯೇ. ಹಾಗಾಗಿ "ನಮ್ಮಲ್ಲಿ ಬೆಲ್ ಕರ್ವ್ ಇಲ್ಲಪ್ಪ" ಅಂತ ನಿಮ್ಮ ಮ್ಯಾನೇಜರ್ ಅಂದ್ರೆ, ಟೀಮಿಗೆ ಬಂದಿರೋ ಬಜೆಟ್ ಎಷ್ಟು ಅಂತ ಕೇಳಿ ನೋಡಿ. ಏನಂದ್ರು ಅಂತ ಕಾಮೆಂಟಲ್ಲಿ ಹಾಕಿ, ಕಂಪನಿ ಹೆಸರು ಬೇಡ.