ಔಷಧಿ ಕುಡಿದ ಮೇಲೆ ನರ್ಸ್ ಯಾಕೆ ಮಾತಾಡಿಸುತ್ತಾರೆ?

[ದೃಶ್ಯ: ಗಾಜಿನ ಕಿಟಕಿ, ಮುಂದೆ ಸಾಲು, ಕೌಂಟರ್ ಮೇಲೆ ಚಿಕ್ಕ ಪ್ಲಾಸ್ಟಿಕ್ ಕಪ್]

ಅಮೆರಿಕದ ಒಂದು ಮೆಥಡೋನ್ ಕ್ಲಿನಿಕ್. ಮೆಥಡೋನ್ ಅಂದರೆ ಹೆರಾಯಿನ್ ಥರದ ಚಟದಿಂದ ಹೊರಬರಲು ಕೊಡುವ ಔಷಧಿ. ಇನ್ನೂ ಬೆಳಕು ಹರಿದಿಲ್ಲ, ಆಗಲೇ ಸಾಲು. ಕೆಲಸಕ್ಕೆ ಹೋಗುವ ಮೊದಲು ಡೋಸ್ ಮುಗಿಸಬೇಕಲ್ಲ.

ಕಪ್‌ನಲ್ಲಿ ಕೆಂಪು ದ್ರವ. ನರ್ಸ್ ಎದುರೇ ಕುಡಿಯಬೇಕು. ಕಪ್‌ಗೆ ನೀರು ಹಾಕಿ, ಅಲುಗಾಡಿಸಿ, ಅದನ್ನೂ ಕುಡಿಯಬೇಕು. ಆಮೇಲೆ ನರ್ಸ್ ಏನೋ ಒಂದು ಕೇಳುತ್ತಾರೆ. ಸುಮ್ನೆ ಕುಶಲ ವಿಚಾರಿಸುತ್ತಿಲ್ಲ. ಬಾಯಲ್ಲಿ ಔಷಧಿ ಇಟ್ಟುಕೊಂಡವರಿಗೆ ಮಾತಾಡಲು ಆಗುವುದಿಲ್ಲ, ಅಲ್ವಾ?

ಭಾರತದ ಓಎಸ್‌ಟಿ (ಚಟಕ್ಕೆ ಬದಲಿ ಔಷಧಿ ಕೊಡುವ) ಕೇಂದ್ರಗಳಲ್ಲೂ ಇಂಥದ್ದೇ ಒಂದು ಕ್ರಮ ಇದೆ. ಅಲ್ಲಿ ಹೆಚ್ಚಾಗಿ ಬ್ಯುಪ್ರೆನಾರ್ಫಿನ್ ಮಾತ್ರೆ. ಪುಡಿ ಮಾಡಿ ನಾಲಿಗೆ ಕೆಳಗೆ ಹಾಕುತ್ತಾರೆ. ಕರಗುವ ತನಕ ಅಲ್ಲೇ ಕೂತಿರಬೇಕು.

[ದೃಶ್ಯ: ಬೀಗ ಹಾಕಿದ ಚಿಕ್ಕ ಪೆಟ್ಟಿಗೆ]

ಇಷ್ಟು ಕಾವಲು ಯಾಕೆ? ಹೆರಾಯಿನ್, ಫೆಂಟನಿಲ್ ಥರ ಮೆಥಡೋನ್ ಕೂಡ ಒಪಿಯಾಯ್ಡೇ, ಅಂದರೆ ಅಫೀಮಿನಂತೆ ಕೆಲಸ ಮಾಡುವ ಔಷಧಿ. ಆದರೆ ನಿಧಾನ. ಡೋಸ್ ಸರಿಹೊಂದಿದರೆ ದಿನಕ್ಕೊಮ್ಮೆ ಕುಡಿದರೆ ಸಾಕು. ಚಟ ಬಿಟ್ಟಾಗ ಬರುವ ಬೆವರು, ಮೈಕೈ ನೋವು, ‘ಬೇಕೇ ಬೇಕು’ ಅನ್ನುವ ಹಪಾಹಪಿ ಎಲ್ಲ ತಗ್ಗುತ್ತದೆ. 1960ರ ದಶಕದಲ್ಲಿ ನ್ಯೂಯಾರ್ಕ್‌ನಲ್ಲಿ ವೈದ್ಯರಾದ ವಿನ್ಸೆಂಟ್ ಡೋಲ್ ಮತ್ತು ಮೇರಿ ನೈಸ್ವಾಂಡರ್ ಈ ಚಿಕಿತ್ಸೆ ಶುರು ಮಾಡಿದರು. ಆದರೆ ಅದೇ ಡೋಸನ್ನು ಅಭ್ಯಾಸ ಇಲ್ಲದವರು ಕುಡಿದರೆ ಉಸಿರು ನಿಂತುಹೋಗಬಹುದು. ಕೆಂಪು ಬಣ್ಣದ, ಸಿಹಿಯಾದ ದ್ರವ. ಮನೆಯಲ್ಲಿ ಮಗು ಇದ್ದರೆ ಯೋಚಿಸಿ. ಅದಕ್ಕೇ ಮನೆಗೆ ಒಯ್ಯುವ ಬಾಟಲಿಗೆ ಬೀಗದ ಪೆಟ್ಟಿಗೆ.

ಮನೆಗೆ ಎಷ್ಟು ಡೋಸ್ ಅನ್ನುವುದೇ ದೊಡ್ಡ ಜಗಳ. ಅಮೆರಿಕದ ಹಳೆಯ ನಿಯಮದಲ್ಲಿ ಚಿಕಿತ್ಸೆಯ ಮೊದಲ 90 ದಿನ, ಕ್ಲಿನಿಕ್ ರಜೆಯ ದಿನ ಬಿಟ್ಟರೆ, ಮನೆಗೆ ವಾರಕ್ಕೆ ಒಂದೇ ಡೋಸ್. ಒಂದು ತಿಂಗಳಿನದು ಸಿಗಲು ಎರಡು ವರ್ಷ ಕಾಯಬೇಕಿತ್ತು. 2020ರಲ್ಲಿ ಕೋವಿಡ್ ಬಂತು. ಜನರನ್ನು ಸಾಲಿನಲ್ಲಿ ನಿಲ್ಲಿಸುವುದೇ ಅಪಾಯ ಆಯಿತು. ಸ್ಥಿರವಾಗಿದ್ದವರಿಗೆ 28 ದಿನಗಳ ಔಷಧಿ ಕೊಡಲು ಸರ್ಕಾರ ಒಪ್ಪಿತು. 2024ರ ಹೊಸ ನಿಯಮದಲ್ಲಿ ಅದೇ ಕಾಯಂ: ವೈದ್ಯರು ಒಪ್ಪಿದರೆ 31ನೇ ದಿನದಿಂದಲೇ 28 ಡೋಸ್ ತನಕ. ಇಷ್ಟು ವರ್ಷ ಜನರನ್ನು ದಿನಾ ಓಡಾಡಿಸಿದ್ದು ಜಾಸ್ತಿಯೇ ಆಯಿತು ಅಂತ ನನಗನಿಸುತ್ತದೆ. ಕ್ಲಿನಿಕ್ ತಾನಾಗಿ ಬಿಗಿ ಮಾಡಿದರೆ ಈಗಲೂ ಓಡಾಟ ತಪ್ಪುವುದಿಲ್ಲ.

[ದೃಶ್ಯ: ಮೊಬೈಲ್ ರಿಂಗ್ ಆಗುತ್ತಿದೆ]

ಇದ್ದಕ್ಕಿದ್ದಂತೆ ಕ್ಲಿನಿಕ್‌ನಿಂದ ಫೋನ್ ಬರುತ್ತದೆ: “ನಾಳೆ ಬಾಟಲಿ ಎಲ್ಲಾ ತನ್ನಿ.” ಖಾಲಿಯವೂ, ತುಂಬಿದವೂ. ಎಣಿಸುತ್ತಾರೆ, ಸೀಲ್ ನೋಡುತ್ತಾರೆ. ಲೆಕ್ಕ ತಪ್ಪಿದರೆ ಮನೆಗೆ ಒಯ್ಯುವುದು ಬಂದ್ ಆಗಬಹುದು. ಮೂತ್ರ ಪರೀಕ್ಷೆ ವರ್ಷಕ್ಕೆ ಕನಿಷ್ಠ ಎಂಟು ಸಲ, ಮೊದಲೇ ಹೇಳದೆ.

ಸತತ ಮೂರ್ನಾಲ್ಕು ದಿನ ಬರದೇ ಇದ್ದರೆ ಹಳೆಯ ಡೋಸನ್ನು ಹಾಗೇ ಕೊಡುವುದಿಲ್ಲ. ಇದು ಶಿಕ್ಷೆಯಲ್ಲ. ಅಷ್ಟರಲ್ಲಿ ಔಷಧಿ ತಡೆದುಕೊಳ್ಳುವ ದೇಹದ ಶಕ್ತಿ ಇಳಿದಿರುತ್ತದೆ.

ನನ್ನ ತಕರಾರು ಕೊನೆಯ ನಿಯಮದ ಮೇಲೆ. ಕೂಗಾಡಿದರೆ, ಬಾಗಿಲ ಮುಂದೆ ಗುಂಪುಗೂಡಿದರೆ, ಫೀಸ್ ಬಾಕಿ ಉಳಿದರೆ ಹೊರಗೆ ಹಾಕುವ ಕ್ಲಿನಿಕ್‌ಗಳಿವೆ. ನರ್ಸ್ ಮೇಲೆ ಕೈ ಮಾಡಿದವರ ಮಾತು ಬೇರೆ. ಆದರೆ ಔಷಧಿ ನಿಂತವರು ಬೀದಿಯ ಫೆಂಟನಿಲ್‌ಗೆ ಮರಳಿದರೆ ಸಾಯುವ ಅಪಾಯ ಏರುತ್ತದೆ. ಸೇರುವಾಗ ಸಹಿ ಹಾಕಿಸುವ ಹಾಳೆಯಲ್ಲಿ ಹೊರಗೆ ಹಾಕುವ ಈ ನಿಯಮ ಸಾಮಾನ್ಯವಾಗಿ ಇರುತ್ತದೆ. ಹೊರಗೆ ಹಾಕಿದರೆ ಡೋಸ್ ಎಷ್ಟು ದಿನದಲ್ಲಿ ಇಳಿಸುತ್ತೀರಿ, ಬೇರೆ ಕ್ಲಿನಿಕ್‌ಗೆ ಕಳಿಸುತ್ತೀರಾ ಅಂತ ಅಲ್ಲೇ ಕೇಳಿ, ಆಮೇಲೆ ಪೆನ್ನು ಹಿಡಿಯಿರಿ.